ಹಳೆ ಜೀಪಿಗೆ ಟರ್ಬೊ ಎಂಜಿನ್: ಮನೆ ಮುಂದೆ ಬಿಚ್ಚುವ ಮೊದಲು

ಬೆಂಗಳೂರಿನ ಉತ್ತರಹಳ್ಳಿಯಿಂದ ಕೆಂಗೇರಿ ಕಡೆಗೋ ಸುಬ್ರಹ್ಮಣ್ಯಪುರದ ಕಡೆಗೋ ಒಳರಸ್ತೆಗಳಲ್ಲಿ ಹೋಗಿ ನೋಡಿ. ಟಾರ್ಪಾಲು ಹೊದ್ದು ನಿಂತ ಹಳೆ ಮಹೀಂದ್ರ ಜೀಪು ಒಂದಾದರೂ ಕಣ್ಣಿಗೆ ಬೀಳುತ್ತದೆ. ಎಂಎಂ 540, ಎಂಎಂ 550, ಸಿಎಲ್ 550, ಮೇಜರ್. ಹೆಸರು ಬೇರೆ ಬೇರೆ, ಮಾಲೀಕರ ದೂರು ಒಂದೇ: ‘ಬಾಡಿ ಗಟ್ಟಿಯಾಗಿದೆ, ಫೋರ್ ವೀಲ್ ಕೆಲಸ ಮಾಡುತ್ತೆ, ಎಂಜಿನ್ ಮಾತ್ರ ಎಳೆಯಲ್ಲ.’ ಪಕ್ಕದಲ್ಲಿ ನಿಂತವರು ಕೂಡಲೇ ಸಲಹೆ ಕೊಡುತ್ತಾರೆ: ‘ಬೊಲೆರೊದ ಟರ್ಬೊ ಎಂಜಿನ್ ಹಾಕಿಸಿ ಸಾರ್, ಹಾರುತ್ತೆ.’

ಹಾರುವುದಿಲ್ಲ. ಆದರೆ ಹತ್ತುತ್ತದೆ. ಇದಕ್ಕೆ ಏನೇನು ಬೇಕು, ಎಲ್ಲಿ ಎಡವುತ್ತಾರೆ, ಕಾನೂನು ಏನನ್ನುತ್ತದೆ ಎಂದು ಒಂದೊಂದಾಗಿ ನೋಡೋಣ.

ಮೊದಲು ಟರ್ಬೊ ಎಂದರೇನು? ಸಾಮಾನ್ಯ ಡೀಸೆಲ್ ಎಂಜಿನ್ ತನ್ನ ಪಾಡಿಗೆ ತಾನು ಉಸಿರೆಳೆಯುತ್ತದೆ. ಪಿಸ್ಟನ್ ಕೆಳಗಿಳಿದಾಗ ಎಷ್ಟು ಗಾಳಿ ಬಂತೋ ಅಷ್ಟೇ. ಆ ಗಾಳಿಯಲ್ಲಿ ಎಷ್ಟು ಡೀಸೆಲ್ ಉರಿಯುತ್ತದೋ ಅಷ್ಟೇ ಶಕ್ತಿ. ಗಾಳಿ ಹೆಚ್ಚಿಸದೆ ಡೀಸೆಲ್ ಮಾತ್ರ ಹೆಚ್ಚಿಸಿದರೆ ಶಕ್ತಿಯ ಬದಲು ಕರಿ ಹೊಗೆ ಬರುತ್ತದೆ. ಟರ್ಬೊ ಮಾಡುವುದು ಗಾಳಿಯನ್ನು ಒತ್ತಿ ತುಂಬುವ ಕೆಲಸ. ಒಲೆಗೆ ಊದುಗೊಳವೆ ಹಿಡಿದು ಊದಿದಾಗ ಅದೇ ಸೌದೆ ಧಗ್ಗನೆ ಹತ್ತಿಕೊಳ್ಳುವಂತೆ. ಊದುವ ಶ್ರಮ ಎಂಜಿನ್ನಿನದಲ್ಲ, ಹೊರಗೆ ಹೋಗುವ ಹೊಗೆಯದು. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದು ಟರ್ಬೈನ್. ಅದೇ ಶಾಫ್ಟಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಹೀರಿ ಎಂಜಿನ್ನಿಗೆ ನೂಕುತ್ತದೆ. ಅದು ಕಂಪ್ರೆಸರ್. ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ದಾಟಿ ತಿರುಗಬಲ್ಲದು. ಒತ್ತಡ ಮಿತಿ ಮೀರಿದರೆ ಹೊಗೆಯನ್ನು ಪಕ್ಕಕ್ಕೆ ಬಿಡಲು ಒಂದು ಸಣ್ಣ ಬಾಗಿಲಿದೆ. ಅದಕ್ಕೆ ವೇಸ್ಟ್‌ಗೇಟ್ ಎನ್ನುತ್ತಾರೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ ಈ ಉಪಾಯಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದ.

ಈಗ ಒಂದು ಲೆಕ್ಕ. ಎಂಎಂ 540ರಲ್ಲಿ ಬರುತ್ತಿದ್ದದ್ದು ಪೆಜೊ ಮೂಲದ 2112 ಸಿಸಿ ಡೀಸೆಲ್ ಎಂಜಿನ್. ಅಶ್ವಶಕ್ತಿ 60ರ ಆಸುಪಾಸು. ಬೊಲೆರೊದ 2523 ಸಿಸಿ ಡಿಐ (ಡೈರೆಕ್ಟ್ ಇಂಜೆಕ್ಷನ್) ಟರ್ಬೊ ಎಂಜಿನ್ನಿನ ಅಶ್ವಶಕ್ತಿ 63. ‘ಅಷ್ಟೇನಾ? ಇದಕ್ಕಾ ಇಷ್ಟೆಲ್ಲ ಒದ್ದಾಟ?’ ಎಂದು ನೀವು ಕೇಳಬಹುದು. ವ್ಯತ್ಯಾಸ ಇರುವುದು ಟಾರ್ಕ್‌ನಲ್ಲಿ, ಅಂದರೆ ಚಕ್ರವನ್ನು ತಿರುಚುವ ಬಲದಲ್ಲಿ. ಹಳೆಯದರಲ್ಲಿ ಅದು ಸುಮಾರು 120 ನ್ಯೂಟನ್ ಮೀಟರ್. ಬೊಲೆರೊದಲ್ಲಿ ಸುಮಾರು 180, ಅದೂ 1500 ಆರ್‌ಪಿಎಂ ಹತ್ತಿರವೇ, ಆಕ್ಸಿಲರೇಟರನ್ನು ಅರೆಬರೆ ಒತ್ತಿದಾಗಲೇ ಸಿಗುತ್ತದೆ. ಮಡಿಕೇರಿಯ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹೊತ್ತು ಹತ್ತುವ ಜೀಪುಗಳನ್ನು ನೋಡಿದ್ದರೆ ಇದರ ಬೆಲೆ ಗೊತ್ತಿರುತ್ತದೆ. ಅಲ್ಲಿ ವೇಗ ಬೇಕಿಲ್ಲ. ಕಲ್ಲಿನ ಮೇಲೆ ಚಕ್ರ ನಿಂತು ನಿಂತು ಏರುವಾಗ ಎಂಜಿನ್ ಕೊನೆಯುಸಿರೆಳೆಯದಿದ್ದರೆ ಸಾಕು.

ಟಾರು ರಸ್ತೆಯಲ್ಲಿ 120ರಲ್ಲಿ ಓಡಿಸುವ ಆಸೆಯಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಈ ಜೀಪುಗಳ ಮೂಲವಾದ ವಿಲ್ಲಿಸ್ ಸಿಜೆ-3ಬಿಯ ಡಿಫರೆನ್ಷಿಯಲ್ ಅನುಪಾತ 5.38. ಪ್ರೊಪೆಲ್ಲರ್ ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ಯಾವ ಎಂಜಿನ್ ಕೂರಿಸಿದರೂ ಅದು ನಿಧಾನದ ಗಾಡಿಯೇ.

ಇನ್ನೊಂದು ಅನುಮಾನ ಎಲ್ಲರಿಗೂ ಬರುತ್ತದೆ. ಎಂಜಿನ್ ಯಾಕೆ ಬದಲಿಸಬೇಕು, ಇರುವುದಕ್ಕೇ ಟರ್ಬೊ ಸಿಕ್ಕಿಸಿದರಾಗದೆ? ಆಗದು ಎಂದೇ ಇಟ್ಟುಕೊಳ್ಳಿ. ಟರ್ಬೊಗೆಂದೇ ಮಾಡಿದ ಎಂಜಿನ್ನಿನಲ್ಲಿ ಕಂಪ್ರೆಷನ್ ಕಡಿಮೆ ಇರುತ್ತದೆ, ಪಿಸ್ಟನ್ನು ಗಟ್ಟಿ ಇರುತ್ತದೆ, ಆಯಿಲ್ ಹರಿವು ಹೆಚ್ಚಿರುತ್ತದೆ. ಇವ್ಯಾವುವೂ ಇಲ್ಲದ ಹಳೆ ಎಂಜಿನ್ನಿಗೆ ಟರ್ಬೊ ಹಾಕಿದರೆ ಮೊದಲ ದೊಡ್ಡ ಏರಿನಲ್ಲೇ ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಇಲ್ಲವೇ ಪಿಸ್ಟನ್.

ಹಾಗಾದರೆ ಯಾವ ಎಂಜಿನ್? ಮನೆಯಲ್ಲಿ ಮಾಡುವವರಿಗೆ ನನ್ನ ಸಲಹೆ ಒಂದೇ: ಪಂಪು ಯಾಂತ್ರಿಕವಾಗಿರುವ ಡಿಐ ಟರ್ಬೊ. ಮೊದಲ ಥಾರ್‌ನಲ್ಲಿ ಬಂದ ಸಿಆರ್‌ಡಿಇ ಎಂಜಿನ್ ಕಾಗದದ ಮೇಲೆ ಬಾಯಲ್ಲಿ ನೀರೂರಿಸುತ್ತದೆ: 105 ಅಶ್ವಶಕ್ತಿ, 247 ನ್ಯೂಟನ್ ಮೀಟರ್. ಆದರೆ ಅದರ ಮಿದುಳು ಇಸಿಯು ಎಂಬ ಪೆಟ್ಟಿಗೆ. ಎಷ್ಟು ಡೀಸೆಲ್, ಯಾವಾಗ ಎಂದು ತೀರ್ಮಾನಿಸುವ ಕಂಪ್ಯೂಟರ್ ಅದು. ಅದರ ಜತೆ ಪೂರ್ತಿ ವೈರಿಂಗ್, ಸೆನ್ಸರುಗಳು, ಆಕ್ಸಿಲರೇಟರ್ ಪೆಡಲ್ ಎಲ್ಲವೂ ಬರಬೇಕು. ಇಮೊಬಿಲೈಸರ್ ಇದ್ದರೆ ಆ ಗಾಡಿಯ ಕೀಲಿಯೂ ಬೇಕು. ಒಂದು ವೈರು ತುಂಡಾಗಿದ್ದರೂ ಹುಡುಕುತ್ತಾ ಭಾನುವಾರಗಳು ಕಳೆಯುತ್ತವೆ. ಹಳೆ ಗೇರ್‌ಬಾಕ್ಸ್ ಅಷ್ಟು ಬಲಕ್ಕೆ ಮಾಡಿದ್ದೂ ಅಲ್ಲ. ಡಿಐ ಟರ್ಬೊಗೆ ಸ್ಟಾರ್ಟ್ ಆದ ಮೇಲೆ ಬೇಕಾಗುವುದು ಒಂದು ವೈರು: ಡೀಸೆಲ್ ಬಿಡುವ, ನಿಲ್ಲಿಸುವ ಸೊಲೆನಾಯ್ಡ್‌ಗೆ. ಪಂಪು ಕೆಟ್ಟರೆ ರಿಪೇರಿ ಮಾಡುವವರು ಬೆಂಗಳೂರಿನಲ್ಲಿ ಧಾರಾಳವಾಗಿ ಸಿಗುತ್ತಾರೆ. ಕಾರಣವೂ ಇದೆ. ಡೀಸೆಲ್ ಪಂಪು ತಯಾರಿಸುತ್ತಿದ್ದ ಮೈಕೋ 1951ರಲ್ಲಿ ಶುರುವಾಯಿತು, ಅದರ ಕಾರ್ಖಾನೆ ಇದ್ದದ್ದು ನಮ್ಮ ಆಡುಗೋಡಿಯಲ್ಲೇ. 2008ರಲ್ಲಿ ಕಂಪನಿಯ ಹೆಸರು ಬಾಷ್ ಆಯಿತು. ಮೆಕ್ಯಾನಿಕ್ಕುಗಳ ಬಾಯಲ್ಲಿ ಮಾತ್ರ ಪಂಪು ಈಗಲೂ ‘ಮೈಕೋ ಪಂಪು’.

ನಿಮ್ಮ ಜೀಪಿನಲ್ಲಿ ಈಗಾಗಲೇ 2523 ಸಿಸಿಯ ಟರ್ಬೊ ಇಲ್ಲದ ಎಂಡಿಐ ಎಂಜಿನ್ ಇದ್ದರೆ ನೀವು ಅದೃಷ್ಟವಂತರು. ಬೊಲೆರೊದ ಡಿಐ ಟರ್ಬೊ ಅದೇ ಮನೆತನದ್ದು. ಕೂರಿಸುವ ಕಷ್ಟ ಅರ್ಧ ಕಡಿಮೆ. ಕಾಗದಪತ್ರದ ಕಷ್ಟ ಅದಕ್ಕಿಂತಲೂ ಕಡಿಮೆ.

ಕಾಗದಪತ್ರದ ವಿಷಯ ಸ್ಪಾನರ್ ಹಿಡಿಯುವ ಮೊದಲೇ ಮುಗಿಯಬೇಕು. ಮೋಟಾರು ವಾಹನ ಕಾಯ್ದೆ 1988ರ ಕಲಂ 52ರ ತಿರುಳು ಇಷ್ಟು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಹೇಳಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಕಲಂ 182ಎ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಇದರ ಅರ್ಥ ಎಂಜಿನ್ ಬದಲಿಸಲೇಬಾರದು ಎಂದಲ್ಲ. ಕೆಟ್ಟ ಎಂಜಿನ್ ತೆಗೆದು ಅದೇ ಕಂಪನಿಯ, ಅದೇ ಮಾದರಿಯ, ಅದೇ ಇಂಧನದ ಎಂಜಿನ್ ಹಾಕಿ, ಹೊಸ ನಂಬರನ್ನು ಅನುಮತಿಯೊಂದಿಗೆ ಆರ್‌ಸಿಗೆ ಹತ್ತಿಸಿಕೊಳ್ಳುವ ದಾರಿ ಇದೆ. ವಿವರ ದಾಖಲಿಸಲು ಕಾಯ್ದೆ 14 ದಿನಗಳ ಗಡುವನ್ನೂ ಹೇಳುತ್ತದೆ. ಆದರೆ ಟರ್ಬೊ ಇಲ್ಲದ್ದು ಹೋಗಿ ಟರ್ಬೊ ಇರುವುದು ಬಂದರೆ ಅದು ‘ಅದೇ ಮಾದರಿ’ಯೋ ಅಲ್ಲವೋ? ಅದನ್ನು ತೀರ್ಮಾನಿಸುವವರು ಆರ್‌ಟಿಒ. ನೀವೂ ಅಲ್ಲ, ನಿಮ್ಮ ಮೆಕ್ಯಾನಿಕ್ಕೂ ಅಲ್ಲ. ಆದ್ದರಿಂದ ಎಂಜಿನ್ ಕೊಳ್ಳುವ ಮೊದಲೇ ನಿಮ್ಮ ವ್ಯಾಪ್ತಿಯ ಕಚೇರಿಗೆ ಲಿಖಿತವಾಗಿ ಅರ್ಜಿ ಕೊಟ್ಟು ಲಿಖಿತವಾಗಿಯೇ ಉತ್ತರ ಪಡೆಯಿರಿ. ಈ ಭಾಗದ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಕೆಎ-05, ಅಂದರೆ ಜಯನಗರ. ಮತ್ತು ಕೆಎ-41, ಅಂದರೆ ಜ್ಞಾನಭಾರತಿ. ಪೆಜೊದ 2112 ಸಿಸಿ ತೆಗೆದು 2523 ಸಿಸಿ ಹಾಕುತ್ತೇನೆ ಎಂದರೆ ಆರ್‌ಸಿಯಲ್ಲಿರುವ ಸಿಸಿ ಅಂಕಿಯೇ ಬದಲಾಗುತ್ತದೆ. ಅಲ್ಲಿ ಒಪ್ಪಿಗೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ನೂ ಅಷ್ಟೇ.

ಜೀಪಿಗೆ 15 ವರ್ಷ ಮೀರಿದೆಯೇ? ಹಾಗಾದರೆ ಮೊದಲು ಆರ್‌ಸಿ ಜೀವಂತ ಇದೆಯೇ ನೋಡಿ. 15 ವರ್ಷದ ನಂತರ ಫಿಟ್‌ನೆಸ್ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಸತ್ತ ಆರ್‌ಸಿಯ ಗಾಡಿಗೆ ಹೊಸ ಎಂಜಿನ್ ಕೂರಿಸಿ ಆಮೇಲೆ ಎರಡೂ ಕೆಲಸ ಒಟ್ಟಿಗೆ ಮಾಡಿಸಲು ಹೋದರೆ ಬ್ರೇಕ್ ಇನ್‌ಸ್ಪೆಕ್ಟರ್ ಎದುರು ಉತ್ತರ ಕೊಡುವುದು ಕಷ್ಟ.

ಇನ್ನು ಎಂಜಿನ್ ಎಲ್ಲಿ ಸಿಗುತ್ತದೆ? ಹಳೆ ಎಂಜಿನ್ನಿಗೆ ಶಿವಾಜಿನಗರದ ಗುಜರಿ, ಬಿಡಿಭಾಗಕ್ಕೆ ಜೆ.ಸಿ. ರಸ್ತೆ ಮತ್ತು ಕಲಾಸಿಪಾಳ್ಯ, ಟೂಲ್ಸ್‌ಗೆ ಎಸ್.ಪಿ. ರಸ್ತೆ. ಗುಜರಿಯಲ್ಲಿ ತೊಳೆದು ಬಣ್ಣ ಬಳಿದ ಎಂಜಿನ್ನಿಗಿಂತ ಜಿಡ್ಡು ಮೆತ್ತಿದ ಎಂಜಿನ್ ವಾಸಿ. ಆಯಿಲ್ ಎಲ್ಲಿಂದ ಸೋರಿದೆ ಎಂದಾದರೂ ಕಾಣುತ್ತದೆ. ಸಾಧ್ಯವಾದರೆ ಎಂಜಿನ್ ಇನ್ನೂ ಗಾಡಿಯಲ್ಲಿರುವಾಗಲೇ ನೋಡಿ. ಸ್ಟಾರ್ಟ್ ಮಾಡಿಸಿ, ಆಯಿಲ್ ಹಾಕುವ ಮುಚ್ಚಳ ತೆಗೆಯಿರಿ. ಅಲ್ಲಿಂದ ಬುಸುಬುಸು ಹೊಗೆ ಬಂದರೆ ಮೆಕ್ಯಾನಿಕ್ಕುಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ. ರಿಂಗು ಸವೆದಿದೆ ಎಂದರ್ಥ, ಬೋರ್ ಕೆಲಸದ ಖರ್ಚು ಸೇರಿಸಿಕೊಳ್ಳಿ.

ಟರ್ಬೊ ಪರೀಕ್ಷೆಗೆ ಬೆರಳೇ ಸಾಕು. ಎಂಜಿನ್ ನಿಲ್ಲಿಸಿ, ತಣ್ಣಗಾದ ಮೇಲೆ ಗಾಳಿ ಪೈಪ್ ಬಿಚ್ಚಿ, ಒಳಗಿನ ಚಕ್ರದ ನಡುವಿನ ನಟ್ಟನ್ನು ಹಿಡಿಯಿರಿ. ಅಡ್ಡಡ್ಡ ಅಲ್ಲಾಡಿಸಿದರೆ ಕೂದಲೆಳೆಯಷ್ಟು ಆಟ ಇರಬಹುದು, ಅದು ಸಹಜ. ಮುಂದಕ್ಕೆ ಹಿಂದಕ್ಕೆ ಎಳೆದಾಗ ಕೈಗೆ ತಿಳಿಯುವಷ್ಟು ಆಟ ಇರಕೂಡದು. ರೆಕ್ಕೆಗಳ ಅಂಚು ಗೋಡೆಗೆ ಉಜ್ಜಿದ ಗುರುತು ಕಂಡರೆ ಆ ಟರ್ಬೊ ಮುಗಿದಂತೆ. ಪೈಪಿನೊಳಗೆ ಆಯಿಲ್ ತೆಳುವಾಗಿ ಲೇಪಿಸಿದ್ದರೆ ಚಿಂತೆಯಿಲ್ಲ, ಮಡುಗಟ್ಟಿದ್ದರೆ ಬೇಡ.

ಬಿಲ್ಲಿಲ್ಲದ ಎಂಜಿನ್ ಎಷ್ಟು ಅಗ್ಗವಾದರೂ ತರಬೇಡಿ. ಎಂಜಿನ್ ನಂಬರು ಬರೆದ ಬಿಲ್ಲು, ಅದು ಬಂದ ಗಾಡಿಯ ಆರ್‌ಸಿ ಪ್ರತಿ, ಆ ಆರ್‌ಸಿ ರದ್ದಾದ ದಾಖಲೆ, ಮೂರೂ ಇರಲಿ. ಬ್ಲಾಕಿನ ಮೇಲಿನ ನಂಬರಿಗೆ ಕಾಗದವಿಟ್ಟು ಪೆನ್ಸಿಲ್ ಪ್ರಿಂಟ್ ತೆಗೆದು ಬಿಲ್ಲಿನ ಜತೆ ಹೋಲಿಸಿ. ನಂಬರಿನ ಜಾಗ ಗ್ರೈಂಡರ್ ಆಡಿದಂತೆ ನುಣ್ಣಗಿದ್ದರೆ ಅಲ್ಲಿಂದ ಹೊರಡಿ. ಕದ್ದ ಗಾಡಿಯದೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ ವಿಚಾರಣೆ ಸೇವೆ ಇದೆ.

ಮನೆ ಮುಂದೆ ಜಾಗ ಸಜ್ಜು ಮಾಡುವುದು ಹೇಗೆ? ನಮ್ಮಲ್ಲಿ 30x40 ಸೈಟುಗಳೇ ಹೆಚ್ಚು. ಪೋರ್ಟಿಕೊ ಕೆಳಗೆ ಗಾಡಿ ನಿಲ್ಲಿಸಿ, ಉಯ್ಯಾಲೆಗೆಂದು ಮೋಲ್ಡಿಗೆ ಹಾಕಿದ ಕೊಕ್ಕೆಗೆ ಚೈನ್ ಬ್ಲಾಕ್ ನೇತುಹಾಕುವ ಯೋಚನೆ ಸಹಜವಾಗಿ ಬರುತ್ತದೆ. ದಯವಿಟ್ಟು ಬೇಡ. ಡೀಸೆಲ್ ಎಂಜಿನ್ 200 ಕಿಲೊ ಮೀರುತ್ತದೆ, ಎಳೆಯುವಾಗ ಜೋಲಿ ಬೇರೆ. ಚಕ್ರವಿರುವ ಎಂಜಿನ್ ಕ್ರೇನ್ ಬಾಡಿಗೆಗೆ ತನ್ನಿ. ಚಾಸಿಗೆ ಆಧಾರವಾಗಿ ಆಕ್ಸಲ್ ಸ್ಟ್ಯಾಂಡ್ ಇಡಿ. ಹಾಲೊ ಬ್ಲಾಕ್ ಇಟ್ಟು ಅದರಡಿ ಮಲಗಬೇಡಿ, ಅದು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ಹಳೆ ಆಯಿಲನ್ನು ಮೋರಿಗೆ ಬಿಡದೆ ಕ್ಯಾನಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ.

ಕೂರಿಸುವಾಗ ಮೊದಲ ಹೆಜ್ಜೆ ಬಿಚ್ಚುವುದಲ್ಲ, ಅಳೆಯುವುದು. ಬೊಲೆರೊಗೂ ಜೀಪಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಜೀಪಿನ ಎಂಜಿನ್ ಕೆಳಗೆ ಮುಂದಿನ ಆಕ್ಸಲ್ ಅಡ್ಡ ಹಾದುಹೋಗುತ್ತದೆ, ಸ್ಪ್ರಿಂಗ್ ಒತ್ತಿದಾಗ ಮೇಲಕ್ಕೆ ಬರುತ್ತದೆ. ಆಯಿಲ್ ತುಂಬಿದ ಸಂಪಿಗೆ ಅದು ತಗುಲಬಾರದು. ಕೆಲವೊಮ್ಮೆ ಹಳೆ ಎಂಡಿಐನ ಸಂಪು, ಅದರೊಳಗಿನ ಆಯಿಲ್ ಹೀರುವ ಪೈಪು ಎರಡನ್ನೂ ಹೊಸ ಎಂಜಿನ್ನಿಗೆ ಹಾಕಬೇಕಾಗುತ್ತದೆ. ಮುಂದೆ ಫ್ಯಾನಿಗೂ ರೇಡಿಯೇಟರಿಗೂ ನಡುವೆ, ಮೇಲೆ ಬಾನೆಟ್ಟಿಗೂ ಏರ್ ಪೈಪಿಗೂ ನಡುವೆ, ಪಕ್ಕದಲ್ಲಿ ಟರ್ಬೊಗೂ ಸ್ಟೇರಿಂಗ್ ಕಂಬಕ್ಕೂ ನಡುವೆ ಜಾಗ ನೋಡಿ. ಎಂಜಿನ್ ತನ್ನ ರಬ್ಬರ್ ಫೌಂಡೇಶನ್ ಮೇಲೆ ಅಲ್ಲಾಡುತ್ತದೆ ಎಂಬುದನ್ನು ಮರೆಯಬೇಡಿ.

ಗೇರ್‌ಬಾಕ್ಸ್ ಜೀಪಿನದೇ ಇರಲಿ. ಬೊಲೆರೊಗಳಲ್ಲಿ ಹೆಚ್ಚಿನವು ಟೂ ವೀಲ್. ಫೋರ್ ವೀಲಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಅವುಗಳಲ್ಲಿ ಇರುವುದಿಲ್ಲ. ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಗಂಟೆಯಾಕಾರದ ಬೆಲ್ ಹೌಸಿಂಗ್‌ನ ಬೋಲ್ಟುಗಳು ಹೊಂದಿದರೆ ಸರಿ. ಹೊಂದದಿದ್ದರೆ ನಡುವೆ ಅಡಾಪ್ಟರ್ ಪ್ಲೇಟ್ ಬೇಕು. ಅದನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಮಾಡಿಸಬೇಡಿ, ಲೇತಿನಲ್ಲಿ ಮಾಡಿಸಿ. ಎಂಜಿನ್ನಿನ ಕ್ರ್ಯಾಂಕೂ ಗೇರ್‌ಬಾಕ್ಸಿನ ಶಾಫ್ಟೂ ಒಂದೇ ಗೆರೆಯಲ್ಲಿರಬೇಕು. ಸ್ವಲ್ಪ ಸರಿದರೂ ಕ್ಲಚ್ ಬಡಿದುಕೊಳ್ಳುತ್ತದೆ, ಪೈಲಟ್ ಬೇರಿಂಗ್ ಬೇಗ ಹೋಗುತ್ತದೆ. ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಪೈಲಟ್ ಬೇರಿಂಗು ಎಲ್ಲ ಹೊಸದಿರಲಿ. ಎಂಜಿನ್ ಮತ್ತೆ ಇಳಿಸುವ ಕಷ್ಟದ ಮುಂದೆ ಆ ಖರ್ಚು ಏನೂ ಅಲ್ಲ.

ಟರ್ಬೊಗೆ ಎರಡು ಆಯಿಲ್ ಪೈಪು. ಒಂದು ಸಣ್ಣದು, ಒತ್ತಡದಲ್ಲಿ ಆಯಿಲ್ ತರುತ್ತದೆ. ಇನ್ನೊಂದು ದಪ್ಪನೆಯದು, ಸಂಪಿಗೆ ವಾಪಸ್ ಬಿಡುತ್ತದೆ. ಈ ಎರಡನೆಯದರಲ್ಲಿ ಒತ್ತಡವಿಲ್ಲ, ಇಳಿಜಾರೊಂದೇ ಗತಿ. ಎಲ್ಲೂ ಮೇಲಕ್ಕೆ ಬಾಗದೆ, ಹಿಸುಕಿಕೊಳ್ಳದೆ ಇಳಿಯಬೇಕು. ಇಲ್ಲದಿದ್ದರೆ ಆಯಿಲ್ ಟರ್ಬೊದಲ್ಲೇ ನಿಂತು ಸೀಲು ದಾಟಿ ಸೈಲೆನ್ಸರಿನಲ್ಲಿ ನೀಲಿ ಹೊಗೆಯಾಗುತ್ತದೆ. ಪಾಪ, ಜನ ಆಗ ಹೊಸ ಟರ್ಬೊ ತರುತ್ತಾರೆ, ಅದೂ ಹೊಗೆ ಬಿಡುತ್ತದೆ.

ಉಳಿದದ್ದು ಚುಟುಕಾಗಿ. ರೇಡಿಯೇಟರ್ ಬೊಲೆರೊದ್ದು ಅಥವಾ ಅಷ್ಟೇ ದೊಡ್ಡದು. ಏರ್ ಫಿಲ್ಟರ್ ಎತ್ತರದಲ್ಲಿ. ಬ್ರೇಕ್ ಪೈಪು, ವೈರಿಂಗು ಟರ್ಬೊದಿಂದ ದೂರ, ನಡುವೆ ತಗಡಿನ ಮರೆ. ಡೈನಮೊ ಹಿಂದಿರುವ ವ್ಯಾಕ್ಯೂಮ್ ಪಂಪು ಬಿಡಬೇಡಿ, ಪವರ್ ಬ್ರೇಕಿಗೆ ಅದೇ ಜೀವ. ಪಂಪಿನ ತಲೆಗೆ ಬರುವ ತೆಳು ರಬ್ಬರ್ ಪೈಪನ್ನೂ ನೋಡಿ. ಟರ್ಬೊ ಎಷ್ಟು ಊದುತ್ತಿದೆ ಎಂದು ಪಂಪಿಗೆ ತಿಳಿಸುವುದು ಅದೇ. ಅದು ಬಿಟ್ಟುಹೋದರೆ ‘ಟರ್ಬೊ ಹಾಕಿದರೂ ಎಳೆಯಲ್ಲ’ ಎಂಬ ದೂರು ಶುರುವಾಗುತ್ತದೆ.

ಬ್ರೇಕಿನ ಬಗ್ಗೆ ಮಾತ್ರ ಚುಟುಕಾಗಿ ಹೇಳಲಾರೆ. ನಾಲ್ಕೂ ಕಡೆ ಡ್ರಮ್ ಇರುವ, ಬೂಸ್ಟರ್ ಇಲ್ಲದ ಹಳೆ ಜೀಪಿಗೆ ಬಲವಾದ ಎಂಜಿನ್ ಹಾಕಿ ಕನಕಪುರ ರಸ್ತೆಗೆ ಇಳಿಸುವುದು ಅಪಾಯ. ಲೈನರ್, ವೀಲ್ ಸಿಲಿಂಡರ್, ಮಾಸ್ಟರ್ ಸಿಲಿಂಡರ್, ಹೋಸ್ ಎಲ್ಲ ಎಂಜಿನ್ ಕೆಲಸಕ್ಕೆ ಮೊದಲೇ ಹೊಸದಾಗಲಿ. ಹಣ ಎರಡರಲ್ಲಿ ಒಂದಕ್ಕೆ ಮಾತ್ರ ಸಾಲುವುದಾದರೆ ಬ್ರೇಕಿಗೇ ಹಾಕಿ.

ಮೊದಲ ಸ್ಟಾರ್ಟಿಗೆ ಅವಸರ ಬೇಡ. ಕೈಪಂಪು ಒತ್ತಿ ಡೀಸೆಲ್ ಲೈನಿನ ಗಾಳಿ ಹೊರಹಾಕಿ. ಸೊಲೆನಾಯ್ಡ್ ವೈರು ತೆಗೆದಿಟ್ಟು, ಎಂಜಿನ್ ಹತ್ತಿಕೊಳ್ಳದಂತೆ ಸೆಲ್ಫ್ ಹೊಡೆಯಿರಿ. ಒಂದೇ ಸಮ ಬೇಡ, ಬಿಟ್ಟು ಬಿಟ್ಟು, ಆಯಿಲ್ ಗೇಜಿನ ಮುಳ್ಳು ಏಳುವವರೆಗೆ. ಟರ್ಬೊದ ಬೇರಿಂಗಿಗೆ ಆಯಿಲ್ ತಲುಪದೆ ಎಂಜಿನ್ ಎದ್ದರೆ ಕ್ಷಣಗಳಲ್ಲಿ ಹಾಳಾಗುತ್ತದೆ. ಆಮೇಲೆ ವೈರು ಹಾಕಿ. ಒಬ್ಬರು ಕೈಯಲ್ಲಿ ದಪ್ಪ ಪ್ಲೈವುಡ್ ತುಂಡು ಹಿಡಿದು ಗಾಳಿ ಪೈಪಿನ ಬಾಯಿ ಬಳಿ ನಿಂತಿರಲಿ. ಟರ್ಬೊದಿಂದ ಆಯಿಲ್ ಒಳಗೆ ನುಗ್ಗಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಉರಿಸಿಕೊಂಡು ಕೀಲಿ ತಿರುಗಿಸಿದರೂ ನಿಲ್ಲದೆ ಏರುತ್ತಾ ಹೋಗುತ್ತದೆ. ಆಗ ಪ್ಲೈವುಡ್ಡಿನಿಂದ ಬಾಯಿ ಮುಚ್ಚಬೇಕು. ಅಂಗೈ ಒಡ್ಡಬಾರದು, ಬಟ್ಟೆಯೂ ಬೇಡ, ಅದನ್ನು ನುಂಗಿಬಿಡುತ್ತದೆ.

ಓಡಿಸುವಾಗ ಒಂದು ಅಭ್ಯಾಸ ಮಾಡಿಕೊಳ್ಳಿ. ಏರು ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸದೆ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಡಿ. ಕಾದ ಟರ್ಬೊಗೆ ಆಯಿಲ್ ಹರಿಯುತ್ತಿರಲಿ. ಎಮಿಷನ್ ಟೆಸ್ಟಿನಲ್ಲಿ ಭಾರತ್ ಸ್ಟೇಜ್ 4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ ಯೂನಿಟ್. ‘ಪಂಪ್ ಸ್ವಲ್ಪ ಏರಿಸಿಕೊಡ್ತೀನಿ’ ಎನ್ನುವವರಿಗೆ ಈ ಸಂಖ್ಯೆ ನೆನಪಿಸಿ. ಪರೀಕ್ಷೆಗೆಂದು ತುರಹಳ್ಳಿ ಕಾಡಿಗೆ ನುಗ್ಗಿಸಬೇಡಿ, ಅದು ಅರಣ್ಯ ಇಲಾಖೆಯ ಜಾಗ. ಪರಿಚಯದವರ ತೋಟವೋ ಆಫ್‌ರೋಡ್ ಕೂಟಗಳು ಅನುಮತಿ ಪಡೆದ ಜಾಗವೋ ನೋಡಿಕೊಳ್ಳಿ.

ಖರ್ಚು? ಎಂಜಿನ್ನಿನ ಬೆಲೆ ಅದರ ಸ್ಥಿತಿ, ಕಾಗದ, ನಿಮ್ಮ ಚೌಕಾಸಿಯ ಮೇಲೆ ಹೋಗುತ್ತದೆ. ಅದಕ್ಕೆ ಕೊಟ್ಟಷ್ಟೇ ಹಣವನ್ನು ಉಳಿದದ್ದಕ್ಕೂ ಎತ್ತಿಡಿ: ಕ್ಲಚ್, ರೇಡಿಯೇಟರ್, ಲೇತ್ ಕೆಲಸ, ಬ್ರೇಕು, ಪಂಪು ಮತ್ತು ನಾಜಲ್ ಪರೀಕ್ಷೆ, ಕ್ರೇನ್ ಬಾಡಿಗೆ, ಆರ್‌ಟಿಒ ಶುಲ್ಕ. ಇನ್ಶೂರೆನ್ಸ್ ಕಂಪನಿಗೂ ಲಿಖಿತವಾಗಿ ತಿಳಿಸಿ, ಪಾಲಿಸಿಯಲ್ಲಿ ಹೊಸ ಎಂಜಿನ್ ನಂಬರು ಬರಲಿ. ಅಪಘಾತವಾದಾಗ ಸರ್ವೇಯರ್ ಮೊದಲು ನೋಡುವುದು ಆ ನಂಬರನ್ನೇ.

ಹಳೆ ಎಂಜಿನ್ ಪೋರ್ಟಿಕೊದಲ್ಲಿ ಜಾಗ ತಿನ್ನುತ್ತದೆ, ಮನೆಯವರು ಗೊಣಗುತ್ತಾರೆ, ಗುಜರಿಯವನು ಒಳ್ಳೆ ರೇಟೂ ಹೇಳಿರುತ್ತಾನೆ. ಆದರೂ ಹೊಸ ನಂಬರು ಆರ್‌ಸಿಯಲ್ಲಿ ಅಚ್ಚಾಗಿ ಬರುವವರೆಗೆ ಅದನ್ನು ಮಾರಬೇಡಿ. ಅಲ್ಲಿಯವರೆಗೆ ದಾಖಲೆಯ ಪ್ರಕಾರ ನಿಮ್ಮ ಜೀಪಿನ ಎಂಜಿನ್ ಅದೇ. ಆರ್‌ಟಿಒ ಒಪ್ಪದಿದ್ದರೆ ಗಾಡಿ ಮತ್ತೆ ರಸ್ತೆಗಿಳಿಯುವುದು ಅದರಿಂದಲೇ.